ಅಕ್ಕ ತಂಗಿ ಎದುರಾಳಿಗಳಾಗಿ ಆಡಿದ ಫೈನಲ್

ನನಗೆ ಬಾಲನ್ನು ನೆಟ್ಟಗೆ ಹಿಡಿಯಲೂ ಬರುವುದಿಲ್ಲ. ಆದರೆ ವಿಜಯನಗರದ ನಮ್ಮ ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ ಎಲ್ಲಿ ಆಡಿದರೂ ಹೋಗಿ, ಗಂಟಲು ಕಟ್ಟುವವರೆಗೆ ಕೂಗಿ ಬರುತ್ತಿದ್ದೆ. ಬಸವೇಶ್ವರನಗರದ ಇನ್ನೊಂದು ಕಾಲೇಜಿನ ಹೆಸರೆತ್ತಿದರೆ ನಮಗೆ ಮೈ ಉರಿಯುತ್ತಿತ್ತು. ಪ್ರತಿ ವರ್ಷ ಫೈನಲ್ಲಿಗೆ ಬರುವುದು ನಾವಿಬ್ಬರೇ, ಕಪ್ಪು ಎತ್ತಿಕೊಂಡು ಹೋಗುವುದು ಮಾತ್ರ ಅವರು.

ನಮ್ಮ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವಳು ನನ್ನ ಕ್ಲಾಸಿನವಳೇ. ಗದಗ ಕಡೆಯಿಂದ ಬಂದು ಮೂಡಲಪಾಳ್ಯದಲ್ಲಿ ನೆಲೆಸಿದ ಮನೆಯ ಹುಡುಗಿ. ಎದುರು ತಂಡದ ಕ್ಯಾಪ್ಟನ್ ಅವಳ ಸ್ವಂತ ಅಕ್ಕ. ಒಂದೇ ಮನೆಯಿಂದ ಬೆಳಿಗ್ಗೆ ಒಟ್ಟಿಗೆ ಹೊರಟು ಬಸ್‌ಸ್ಟಾಪಿನಲ್ಲಿ ಬೇರೆ ಬೇರೆ ಬಸ್ಸು ಹತ್ತುತ್ತಿದ್ದರು. ಮೊದಮೊದಲು ನಮಗೆ ಅದೊಂದು ತಮಾಷೆಯಾಗಿತ್ತು.

ಆ ವರ್ಷದ ಫೈನಲ್ ರಾಜಾಜಿನಗರದ ಒಂದು ಮೈದಾನದ ಸಿಮೆಂಟು ಕೋರ್ಟಿನಲ್ಲಿ ನಡೆಯಿತು. ಅರ್ಧ ಆಟ ಮುಗಿದಾಗ ನಾವು ಎಷ್ಟು ಹಿಂದಿದ್ದೆವೆಂದರೆ ನಮ್ಮವರು ಕೆಲವರು ಎದ್ದು ಬಸ್ಸಿಗೆ ಹೋಗಿಬಿಟ್ಟರು. ಆಮೇಲೆ ತಂಗಿ ಆಡಿದ ಆಟವನ್ನು ನಾನು ಇವತ್ತಿಗೂ ಮರೆತಿಲ್ಲ. ಬಾಲು ಅವಳ ಕೈಗೆ ಬಂದರೆ ಸಾಕು, ದಾರಿ ತಾನೇ ತೆರೆದುಕೊಳ್ಳುತ್ತಿತ್ತು. ಕೊನೆಗೆ ಒಂದೇ ಒಂದು ಪಾಯಿಂಟಿನ ಅಂತರ ಉಳಿಯಿತು. ಆಗ ಅವಳು ಕೋರ್ಟಿನ ನಡುವೆ ಬಾಲು ಕಸಿದುಕೊಂಡು ಒಬ್ಬಳೇ ಓಡಿಬಂದಳು. ಬೋರ್ಡಿಗೆ ತಾಗಿಸಿ ಒಳಗೆ ಹಾಕಿದರೆ ಮುಗಿಯಿತು, ಕಪ್ಪು ನಮ್ಮದು.

ಅವಳ ಹಿಂದೆ ಇದ್ದದ್ದು ಅಕ್ಕ ಒಬ್ಬಳೇ. ನಾನು ರಿಂಗಿನ ಹಿಂದೆ ನೆಲದ ಮೇಲೆ ಕೂತಿದ್ದರಿಂದ ಇಬ್ಬರ ಮುಖವೂ ಸ್ಪಷ್ಟವಾಗಿ ಕಾಣುತ್ತಿತ್ತು. ಅಕ್ಕ ತಡೆಯಲು ಕೈ ಚಾಚಲಿಲ್ಲ. ಅವಳ ತುಟಿ ಅಲುಗಿತು. ಏನೋ ಹೇಳಿದಳು. ತಂಗಿಯ ಕಾಲು ಒಂದು ಗಳಿಗೆ ತಡೆಯಿತು, ಆಮೇಲೆ ಎಸೆದಳು. ಬಾಲು ರಿಂಗಿನ ಅಂಚಿನಲ್ಲಿ ಸುತ್ತಿ ಹೊರಗೆ ಬಿತ್ತು. ಆಟ ಮುಗಿದ ವಿಸಿಲ್ ಆಯಿತು.

ನಮ್ಮ ಹುಡುಗಿಯರೆಲ್ಲ ಅಳುತ್ತಿದ್ದರು. ತಂಗಿ ಅಳಲಿಲ್ಲ. ಅಕ್ಕ ತನ್ನ ತಂಡದವರನ್ನು ಬಿಟ್ಟು ಮೊದಲು ಬಂದು ಅವಳನ್ನು ತಬ್ಬಿಕೊಂಡಳು.

"ನೋಡಿದ್ಯಾ? ಮನೇಲೇ ಮಾತಾಡ್ಕೊಂಡು ಬಂದಿದ್ದಾರೆ ಕಣೇ," ಎಂದಳು ಪಕ್ಕದಲ್ಲಿದ್ದ ಗೆಳತಿ.

"ಸುಮ್ನಿರೇ, ಹಂಗೆಲ್ಲ ಮಾಡಲ್ಲ ಅವಳು," ಎಂದೆನಾದರೂ ಆ ತುಟಿ ಅಲುಗಿದ್ದು ನನ್ನ ಕಣ್ಣಿನಿಂದ ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ, ಅವಳ ಟಿಫಿನ್ ಡಬ್ಬಿ ನನ್ನ ಹತ್ತಿರ ಉಳಿದಿದೆ ಎಂಬ ನೆಪ ಮಾಡಿಕೊಂಡು ಅವರ ಮನೆಗೆ ಹೋದೆ. ಟೀವಿಯ ಪಕ್ಕದಲ್ಲೇ ಅಕ್ಕ ತಂದಿಟ್ಟ ಕಪ್ಪು ಇತ್ತು. ಅವರಮ್ಮ ನನ್ನನ್ನು ಕೂರಿಸಿ, "ಯಾರ್ ಗೆದ್ರೇನವ್ವಾ, ಕಪ್ ನಮ್ಮನಿಗೇ ಬಂತಲ್ಲ," ಎಂದು ನಕ್ಕರು. ಆ ಮಾತಿಗೆ ನನ್ನ ಅನುಮಾನ ಇನ್ನಷ್ಟು ಬಲಿಯಿತು.

ಅಡುಗೆಮನೆಯಿಂದ ಅಕ್ಕ ತಂಗಿಯರ ನಗು ಕೇಳುತ್ತಿತ್ತು. ನಾನು ಒಳಗೆ ಕಾಲಿಟ್ಟೊಡನೆ ನಿಂತುಹೋಯಿತು. ತಂಗಿ ರೊಟ್ಟಿ ಬಡಿಯುತ್ತಿದ್ದಳು.

"ಮ್ಯಾಚ್ ಕೊನೇಲಿ ನಿಮ್ಮಕ್ಕ ನಿಂಗೇನೋ ಹೇಳಿದ್ರಲ್ಲ?" ಎಂದು ಕೇಳಿದೆ.

"ಇಲ್ವಲ್ಲ. ಆ ಗಲಾಟೇಲಿ ಯಾರೇನು ಹೇಳ್ತಾರೆ?" ಎಂದಳು, ತಲೆ ಎತ್ತದೆ.

ಅಕ್ಕ ನೀರು ಹಿಡಿಯುವುದಿದೆ ಎಂದು ಹೊರಗೆ ಹೋದಳು. ಬಾಗಿಲ ಬಳಿ ಕೊಡಗಳೆಲ್ಲ ತುಂಬಿಯೇ ಇದ್ದವು.

ಮುಂದಿನ ವರ್ಷ ತಂಗಿ ತಂಡಕ್ಕೆ ಸೇರಲಿಲ್ಲ. ಪ್ರಾಜೆಕ್ಟ್ ಕೆಲಸ ಇದೆ ಎಂದಳು. ಅದನ್ನೂ ನಾವು ನಂಬಲಿಲ್ಲ. ಕಾಲೇಜು ಮುಗಿದ ಮೇಲೆ ನಮ್ಮಿಬ್ಬರ ಮಾತುಕತೆ ಹಬ್ಬದ ಮೆಸೇಜಿಗೆ ಇಳಿಯಿತು.

ಅಕ್ಕ ನನಗೆ ಮತ್ತೆ ಸಿಕ್ಕಿದ್ದು ಹೋದ ವರ್ಷ, ಕೆಂಗೇರಿಗೆ ಹೋಗುವ ಮೆಟ್ರೋದಲ್ಲಿ. ಈಗ ಅವಳು ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಕಾಲ ಬಳಿ ಬಾಲುಗಳು ತುಂಬಿದ ಬಲೆಯ ಚೀಲ ಇಟ್ಟುಕೊಂಡಿದ್ದಳು. ಅತ್ತಿಗುಪ್ಪೆ ದಾಟುವಷ್ಟರಲ್ಲಿ ನಾನು ತಡೆದುಕೊಳ್ಳಲಾರದೆ ಕೇಳಿಯೇಬಿಟ್ಟೆ.

"ಅಕ್ಕ, ಆವತ್ತು ಅವಳಿಗೆ ಏನು ಹೇಳಿದ್ರಿ?"

ಯಾವತ್ತು ಎಂದು ಅವಳು ಕೇಳಲಿಲ್ಲ. ಕಾಲ ಬಳಿಯ ಚೀಲವನ್ನು ಹತ್ತಿರ ಎಳೆದುಕೊಂಡಳು.

"ಸಾವಕಾಶ ಅಂದೆ. ಅವಳಿಗೆ ಆಟ ಕಲಿಸಿದ್ದೇ ನಾನು. ಚಿಕ್ಕೋಳಿದ್ದಾಗ ಅವಸರ ಜಾಸ್ತಿ ಅವಳಿಗೆ. ರಿಂಗ್ ಹತ್ರ ಹೋದಾಗೆಲ್ಲ ಸಾವಕಾಶ, ಸಾವಕಾಶ ಅಂತಿದ್ದೆ. ಆವತ್ತು ಅದು ಅಭ್ಯಾಸಕ್ಕೆ ಬಾಯಿಗೆ ಬಂತೋ, ಅವಳನ್ನ ತಡೆಯೋಕೆ ಅಂದ್ನೋ, ನಂಗೇ ಗೊತ್ತಿಲ್ಲ."

"ಅವಳನ್ನ ಕೇಳಿಲ್ವಾ?"

"ಧೈರ್ಯ ಬರ್ಲಿಲ್ಲ. ನನಗೋಸ್ಕರ ಬಿಟ್ಟುಕೊಟ್ಟೆ ಅಂದುಬಿಟ್ರೆ?"

ಇಷ್ಟು ವರ್ಷ ನಾನು ತಂಗಿಯ ಮೇಲೆ ಅನುಮಾನಪಟ್ಟಿದ್ದೆ. ಗೆದ್ದವಳೂ ತನ್ನ ಗೆಲುವನ್ನು ಅನುಮಾನಿಸುತ್ತ ಬಂದಿದ್ದಾಳೆ ಎಂದು ನನಗೆ ಹೊಳೆದೇ ಇರಲಿಲ್ಲ. "ಈಗ ಕೇಳಿ," ಎಂದೆ. ಏನನ್ನಿಸಿತೋ, ಫೋನು ತೆಗೆದು ತಂಗಿಗೆ ಕರೆಮಾಡಿ ಸ್ಪೀಕರ್ ಹಾಕಿದಳು. ಆ ಕಡೆಯಿಂದ ಮೊದಲು ಕುಕ್ಕರಿನ ಸದ್ದು ಬಂತು, ಆಮೇಲೆ ತಂಗಿಯ ದನಿ. ಅಕ್ಕ ನೇರವಾಗಿ ಆ ಕೊನೆಯ ಎಸೆತದ ಬಗ್ಗೆ ಕೇಳಿದಳು.

"ಆ ಮ್ಯಾಚಾ? ನೀ ಸಾವಕಾಶ ಅಂದಿದ್ದು ಕೇಳ್ಸಿತ್ತು ತಗೋ. ಸಾವಕಾಶನ ಒಗದೆ. ಬಾಲ್ ಒಳಗ ಹೋಗ್ಲಿಲ್ಲ, ನಾ ಏನ್ ಮಾಡ್ಲಿ?" ಎಂದು ಜೋರಾಗಿ ನಕ್ಕಳು. ಆ ನಗು ಬೇಕಾದದ್ದಕ್ಕಿಂತ ತುಸು ಉದ್ದವಾಯಿತು ಎಂದು ನನಗನ್ನಿಸಿತು.

ಅಕ್ಕ ಫೋನನ್ನು ಬ್ಯಾಗಿಗೆ ಹಾಕಿಕೊಂಡಳು. ಅಷ್ಟರಲ್ಲಿ ನಾಯಂಡಹಳ್ಳಿ ಬಂತು.

"ನಂಬಿದ್ರಾ?" ಎಂದು ಕೇಳಿದೆ.

"ನಂಗೆ ಬೇಜಾರಾಗ್ಬಾರ್ದು ಅಂದ್ರೆ ಅವಳು ಏನು ಬೇಕಾದ್ರೂ ಹೇಳ್ತಾಳೆ," ಎಂದು ಎದ್ದು ಚೀಲವನ್ನು ಹೆಗಲಿಗೇರಿಸಿಕೊಂಡಳು. "ಶನಿವಾರ ನಮ್ಮ ಸ್ಕೂಲಿನ ಹುಡುಗೀರ ಮ್ಯಾಚ್ ಇದೆ. ಅವಳೂ ಬರ್ತಾಳೆ. ನೀನೂ ಬಾ."

ಹೋದೆ. ತಂಗಿ ನನ್ನನ್ನು ಕಂಡು ಎದ್ದು ಬಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು, ಚುರುಮುರಿ ಪೊಟ್ಟಣ ಮುಂದೆ ಹಿಡಿದಳು. ಅಕ್ಕ ಗೆರೆಯಾಚೆ ಕೈಕಟ್ಟಿ ನಿಂತಿದ್ದಳು. ಮಕ್ಕಳ ಆಟ ಚೆನ್ನಾಗಿಯೇ ಇತ್ತು ಎಂದು ಕಾಣುತ್ತದೆ. ನಾನು ಮಾತ್ರ ಹೆಚ್ಚು ಹೊತ್ತು ತಂಗಿಯ ಮುಖವನ್ನೇ ನೋಡುತ್ತಿದ್ದೆ.

"ಏನೇ, ಹಂಗ್ ನೋಡ್ತಿದೀಯಾ?" ಎಂದಳು.

"ಏನಿಲ್ಲ," ಎಂದೆ.