ಹನುಮಪ್ಪ ಹುಡುಕಿದ ಸೆಲ್ಲು

ಸಾಲಹಳ್ಳಿಯ ಹನುಮಪ್ಪ ಟ್ರ್ಯಾಕ್ಟರ್ ಓಡಿಸುವುದನ್ನು ಬಿಟ್ಟು, ಸವದತ್ತಿಯ ಹತ್ತಿ ವ್ಯಾಪಾರಿ ವೀರಪ್ಪನವರ ಡ್ರೈವರಾಗಿ ಆರೇಳು ವರ್ಷವಾಗಿತ್ತು. ಮಾಲಕರ ಗಾಡಿಯನ್ನು ಸ್ವಂತ ಕೆಲಸಕ್ಕೆ ಒಮ್ಮೆಯೂ ಮುಟ್ಟಿದವನಲ್ಲ. ಹೆಂಡತಿ ಕೃಷ್ಣವ್ವನಿಗೆ ಹೆರಿಗೆ ನೋವು ಬಂದಾಗಲೂ ರಾಮದುರ್ಗದ ದವಾಖಾನೆಗೆ ಟೆಂಪೋದಲ್ಲೇ ಕರೆದೊಯ್ದಿದ್ದ. ಸಂಜೆ ಗೋಡೌನಿನ ಶೆಡ್ಡಿನಲ್ಲಿ ಕಾರು ನಿಲ್ಲಿಸಿ, ಎರಡು ಓಣಿ ದಾಟಿ, ಮಾಲಕರ ತಾಯಿ ರಾಚವ್ವನ ಕೈಗೆ ಕೀಲಿ ಕೊಟ್ಟರೆ ಅವನ ದಿನ ಮುಗಿಯುತ್ತಿತ್ತು.

೨೦೦೪ರ ದೀಪಾವಳಿಗೆ ವೀರಪ್ಪ ಹೊಸ ಕಾರು ತಂದರು. ಕೀಲಿಗೆ ಒಂದು ರಿಮೋಟು ಜೋತುಬಿದ್ದಿತ್ತು. ಅದನ್ನು ಒತ್ತದೆ ಬಾಗಿಲು ತೆಗೆದರೆ ಸೈರನ್ನು ಹೊಡೆದುಕೊಳ್ಳುತ್ತಿತ್ತು, ಎಂಜಿನ್ನೂ ಏಳುತ್ತಿರಲಿಲ್ಲ. ಸಂಕ್ರಾಂತಿ ಕಳೆಯುತ್ತಲೇ ರಿಮೋಟು ಸತ್ತುಹೋಯಿತು.

ಗಡಿಯಾರ ರಿಪೇರಿಯ ಶಟ್ಟೆಪ್ಪ ಅದನ್ನು ಬಿಚ್ಚಿ, ಸೆಲ್ಲನ್ನು ಭೂತಗನ್ನಡಿಗೆ ಹಿಡಿದ.

"ಇದು ವಾಚಿನ ಸೆಲ್ಲಲ್ರಿ ಸಾವ್ಕಾರ್ರ. ಹನ್ನೆರಡು ವೋಲ್ಟಿನ ಗಿಡ್ಡ ಸೆಲ್ಲು. ನನ್ನ ಕಡೆ ಇಲ್ಲ. ಆದ್ರ ಇದು ವರ್ಷಾನಗಟ್ಲೆ ಬರಬೇಕಲ್ರಿ?"

ವೀರಪ್ಪ ಹನುಮಪ್ಪನ ಕಡೆ ತಿರುಗಿದರು.

"ವರ್ಷ ಬರೂದು ಎರಡು ತಿಂಗಳಿಗೇ ಯಾಕ ತೀರಿತೋ? ನಮ್ಮವ್ವಗ ಕಾಣದಂಗ ಕೀಲಿ ಎತ್ಕೊಂಡು, ರಾತ್ರಿ ಗಾಡಿ ತಗದು ಯಾರಿಗೆ ಬಾಡಿಗಿ ಹೊಡೀತಿ?"

ಅಂಗಡಿಯಲ್ಲಿದ್ದವರು ನಕ್ಕರು. ಹನುಮಪ್ಪ "ದೇವರಾಣಿ ಇಲ್ರಿ" ಅಂದದ್ದು ಅವನಿಗೇ ಸರಿಯಾಗಿ ಕೇಳಿಸಲಿಲ್ಲ. ವೀರಪ್ಪ ಸತ್ತ ಸೆಲ್ಲನ್ನು ಸಾಕ್ಷಿಗಿರಲಿ ಎಂದು ಜೇಬಿಗಿಟ್ಟುಕೊಂಡು, "ಹೊಸಾದು ನೀನ ಹುಡಿಕ್ಯಾಡಿ ತಾ" ಅಂದರು.

ಮಾದರಿಯಿಲ್ಲದೆ ಹುಡುಕುವುದು ಹೇಗೆ? ಬೈಲಹೊಂಗಲದ ರೇಡಿಯೋ ಅಂಗಡಿಯಲ್ಲಿ ಹನ್ನೆರಡು ವೋಲ್ಟಿನದೇ ಸೆಲ್ಲು ಸಿಕ್ಕಿತು, ಉದ್ದವೂ ಅಷ್ಟೇ ಕಂಡಿತು. ಊರಿಗೆ ಬಂದು ಹಾಕಿದರೆ ಸಪೂರ, ಗೂಡಿನೊಳಗೆ ಗಿಲಕಿಯಂತೆ ಆಡತೊಡಗಿತು. ಬೆಳ್ಳಿ ಕಾಗದ ಸುತ್ತಿ ತುರುಕಿದ. ಒಮ್ಮೆ ಕೆಂಪು ದೀಪ ಮಿಣುಕಿ ಆರಿತು. ಮರುದಿನ ಮಾಲಕರನ್ನು ಕಾಡಿ ಬೇಡಿ ಹಳೆಯ ಸೆಲ್ಲು ಇಸಿದುಕೊಂಡು ಕಿತ್ತೂರಿನ ಬಸ್ಸು ಹತ್ತಿದ. ಅಲ್ಲಿ ಹೈವೇ ಬದಿಯಲ್ಲಿ ಹಾರ್ನು, ಸೀಟ್ ಕವರು ಮಾರುವವನು ಅದರ ಪಕ್ಕ ತನ್ನಲ್ಲಿದ್ದವನ್ನು ಇಟ್ಟು ನೋಡಿ, ಅಷ್ಟೇ ದಪ್ಪದ್ದನ್ನು ತೆಗೆದುಕೊಟ್ಟ. ಊರಿಗೆ ಬಂದು ಹಾಕಿದಾಗ ಕಾರು ಬಾಯಿಬಿಟ್ಟಿತು.

ಅವನ ಮೇಲಿನ ಮಾತು ಮಾತ್ರ ಅಳಿಯಲಿಲ್ಲ. ಚಹಾದಂಗಡಿಯಲ್ಲಿ ಯಾರಾದರೊಬ್ಬರು, "ಏನಪಾ ಹಣಮ್ಯಾ, ರಾತ್ರಿ ಬಾಡಿಗಿ ಹೆಂಗೈತಿ?" ಎನ್ನುತ್ತಿದ್ದರು. ಮನೆಯಲ್ಲಿ ಕೃಷ್ಣವ್ವ, "ಖರೇನ ಏನರ ಮಾಡೀರೇನು?" ಎಂದು ಕೇಳಿದ ದಿನ ಅವನು ಉಣ್ಣದೆ ಎದ್ದ.

ತಿಂಗಳು ಕಳೆಯುವಷ್ಟರಲ್ಲಿ ರಿಮೋಟಿನ ದೀಪ ಮತ್ತೆ ಮಂಕಾಯಿತು. ಅಂದು ಸಂಜೆ ಹನುಮಪ್ಪ ಕೀಲಿ ಕೊಟ್ಟು, ಅದು ಎಲ್ಲಿಗೆ ಹೋಗುತ್ತದೆಂದು ನೋಡಲು ಬಾಗಿಲಲ್ಲೇ ನಿಂತ. ರಾಚವ್ವ ಅದನ್ನು ತನ್ನ ಎಲಿಅಡಕಿ ಚೀಲಕ್ಕೆ ತುರುಕಿ, ದಾರ ಬಿಗಿದು, ತಲೆದಿಂಬಿನ ಕೆಳಗಿಟ್ಟಳು. ಬಟ್ಟೆಯೊಳಗಿಂದ ಕೆಂಪು ದೀಪ ಕಂಡಿತು. ಆರಲೇ ಇಲ್ಲ.

"ಯವ್ವಾ, ಚೀಲ ಒಂದೀಟ ಬಿಚ್ಚರಿ."

ಬಿಚ್ಚಿದರೆ ಅಡಿಕೆ ಕತ್ತರಿಸುವ ಅಡಕೊತ್ತು ರಿಮೋಟಿನ ಗುಂಡಿಯ ಮೇಲೆ ಕೂತಿತ್ತು.

"ಅಯ್ಯ ನನ್ನಪ್ಪಾ! ಇಷ್ಟ ದಿನ ರಾತ್ರೆಲ್ಲಾ ನಾನ ಒತ್ತಿ ಮಲಗೇನೇನೋ?" ಮುದುಕಿ ಬೊಚ್ಚುಬಾಯಿ ಬಿಟ್ಟು ನಕ್ಕು ಮಗನನ್ನು ಕರೆದಳು. ವೀರಪ್ಪ ನೋಡಿದರು.

"ಆತಾತು. ಯವ್ವಾ, ಇನ್ನ ಕೀಲಿ ಗೂಟಕ್ಕ ಹಾಕಬೇ."

ಹನುಮಪ್ಪ ಕದಲಲಿಲ್ಲ.

"ಸಾವ್ಕಾರ್ರ, ಅವತ್ತ ಶಟ್ಟೆಪ್ಪನ ಅಂಗಡ್ಯಾಗ ನಾಕು ಮಂದಿ ಮುಂದ ಅಂದ್ರಿ. ಅಲ್ಲೇ ಒಂದ ಮಾತ ಹೇಳ್ರಿ, ಇವಂದು ತಪ್ಪಿಲ್ಲ ಅಂತ."

"ಅದೇನು ದೊಡ್ಡ ಮಾತಲೇ? ಹೇಳೂಣಂತ, ನಡಿ."

ಬೆಳಿಗ್ಗೆ ವೀರಪ್ಪ ಹಿಂದಿನ ಸೀಟಿನಲ್ಲಿ ಪೇಪರು ಬಿಡಿಸಿದರು. ಶಟ್ಟೆಪ್ಪನ ಅಂಗಡಿ ಬಂದರೂ ತಲೆಯೆತ್ತಲಿಲ್ಲ. ಹನುಮಪ್ಪ ಕಾರು ನಿಲ್ಲಿಸಿ ಎಂಜಿನ್ ಬಂದ್ ಮಾಡಿದ. ಕಟ್ಟೆಯ ಮೇಲೆ ಅದೇ ಮಂದಿ ಕೂತಿದ್ದರು. ವೀರಪ್ಪ ಕಿಟಕಿಯ ಕಾಜನ್ನು ನಾಲ್ಕು ಬೆರಳು ಇಳಿಸಿ, "ಶಟ್ಟೆಪ್ಪಾ, ಆ ಸೆಲ್ಲಿಂದು... ನಮ್ಮವ್ವ ಮಾಡಿದ್ದಪಾ" ಎಂದು ಗೊಣಗಿದರು.

"ಏನಂದ್ರಿ ಸಾವ್ಕಾರ್ರ?" ಶಟ್ಟೆಪ್ಪ ಕಿವಿಗೆ ಕೈ ಹಚ್ಚಿದ.

"ಏನಿಲ್ಲ. ನಡಿಯೋ ಹಣಮ್ಯಾ, ಹೊತ್ತಾತು."

ಹನುಮಪ್ಪ ಕೀಲಿ ತಿರುವಲಿಲ್ಲ. ಹಿಂದಕ್ಕೂ ತಿರುಗಲಿಲ್ಲ.

"ಅವರಿಗೆ ಕೇಳಿಸಿಲ್ರಿ," ಅಂದ.