ದಾರದಲ್ಲಿ ಇಲ್ಲದ ಗಂಟು

ನನ್ನ ಭಾವನ ಮನೆಯ ಗೋಡೆಗೆ ಒಂದು ದಾರ ತೂಗುಹಾಕಿದೆ. ಇಪ್ಪತ್ತು ವರ್ಷ ಕಾಡಿನಲ್ಲಿ ಜಿಂಕೆಗೆ, ಹಂದಿಗೆ ತಂತಿಯ ಉರುಳು ಒಡ್ಡಿದವನು ಅವನು. ಒಂದು ಉರುಳು ಒಡ್ಡಿದರೆ ದಾರಕ್ಕೆ ಒಂದು ಗಂಟು, ತೆಗೆದರೆ ಗಂಟು ಬಿಚ್ಚುವುದು. ಓದು ಬರಹ ಬಾರದವನ ಪುಸ್ತಕ ಅದೇ.

ಆಮೇಲೆ ವನ್ಯಜೀವಿ ಸಂಸ್ಥೆಯವರು ಬಂದರು. ಅಳಿವಿನಂಚಿನ ಕಾಡುನಾಯಿಗಳನ್ನು ಉಳಿಸುತ್ತೇವೆ ಎಂದರು. ನಮ್ಮ ಮೇಕೆಗಳಿಗೆ ಪುಕ್ಕಟೆ ಚುಚ್ಚುಮದ್ದು, ಕೊಟ್ಟಿಗೆಗೆ ಚಿರತೆ ನುಗ್ಗದಂತೆ ಜಾಲರಿ. ಸುಮ್ಮಸುಮ್ಮನೆ ಯಾರಾದರೂ ಕೊಡುತ್ತಾರೆಯೇ? ಇಂದು ಮೇಕೆಗೆ ಜಾಲರಿ, ನಾಳೆ ನಮಗೇ ಎಂದುಕೊಂಡೆ. ಉರುಳು ಹುಡುಕಿ ಕೀಳುವ ಕೆಲಸವನ್ನು ಭಾವನಿಗೇ ಕೊಟ್ಟಾಗ ನನ್ನ ಅನುಮಾನ ಇನ್ನೂ ಬಲಿಯಿತು. ಅವನು ಮಾತ್ರ ಖಾಕಿ ಅಂಗಿ ತೊಟ್ಟು, ಮೊದಲು ತನ್ನವನ್ನೇ ಕಿತ್ತ. ಕೊನೆಯ ಗಂಟು ಬಿಚ್ಚಿದ ದಿನ ಸಂಸ್ಥೆಯ ಡಾಕ್ಟರಮ್ಮನ ಎದುರು, "ನಮ್ಮದು ಒಂದೂ ಉಳಿದಿಲ್ಲ" ಎಂದು ಎದೆತಟ್ಟಿ ಹೇಳಿದ.

ಮೂರು ವರ್ಷದ ಮೇಲೆ, ಮರಿಗಳಿದ್ದ ಹೆಣ್ಣು ಕಾಡುನಾಯಿಯೊಂದರ ಕಾಲು ಉರುಳಿಗೆ ಸಿಕ್ಕಿತು. ಡಾಕ್ಟರಮ್ಮ ಕತ್ತರಿಸಿ ತಂದ ಕುಣಿಕೆಯನ್ನು ಭಾವ ನೋಡಿದ. ತುಕ್ಕು ಹಿಡಿಯದ ಜಾತಿಯ ತಂತಿ, ಹೊಸದರಂತೆಯೇ ಇತ್ತು. ಸುತ್ತು ಮಾತ್ರ ಅವನದೇ: ಎಡಕ್ಕೆ ಮೂರು, ಬಲಕ್ಕೆ ಒಂದು. ಆ ಸುತ್ತು ಗೊತ್ತಿದ್ದದ್ದು ಅವನಿಗೆ ಮತ್ತು ಅವನಿಂದ ಕಲಿತ ನನಗೆ.

ನೆಟ್ಟಗೆ ನನ್ನ ಮನೆಗೆ ಬಂದ. ಮಂಚದ ಕೆಳಗೆ, ಅಟ್ಟದ ಮೇಲೆ, ಕೊಟ್ಟಿಗೆಯಲ್ಲಿ ತಂತಿ ಹುಡುಕತೊಡಗಿದ. ನನಗೆ ಮೈಯೆಲ್ಲ ಉರಿಯಿತು.

"ಏನ್ ಭಾವ, ನಾನೇನು ಕಳ್ಳನಾ?"

"ನನ್ನ ಕೆಲ್ಸ ಹೋಗುತ್ತೆ ಕಣೋ. ನಿಜ ಹೇಳು."

"ನಿನ್ನ ಕೈಯೇ ತುರಿಸಿರ್ಬೇಕು. ನನ್ನನ್ನ ಯಾಕೆ ಕೇಳ್ತೀಯ?"

ಅಕ್ಕ ಎರಡು ದಿನ ಇಬ್ಬರೊಂದಿಗೂ ಮಾತು ಬಿಟ್ಟಳು.

ಮೂರನೆಯ ದಿನ ಡಾಕ್ಟರಮ್ಮ ನಮ್ಮಿಬ್ಬರನ್ನೂ ಉರುಳಿದ್ದ ಮರದ ಬಳಿಗೆ ಕರೆದೊಯ್ದರು. ನನ್ನನ್ನು ಸಿಕ್ಕಿಸಲಿಕ್ಕೇ ಎಂದುಕೊಂಡು ಹೋದೆ. ಮರಕ್ಕೆ ಕಟ್ಟಿದ್ದ ತಂತಿಯನ್ನು ತೊಗಟೆ ಎರಡು ಬೆರಳಷ್ಟು ನುಂಗಿತ್ತು.

"ಇದು ಹೊಸದಲ್ಲ. ಎಂಟು ಹತ್ತು ವರ್ಷ ಆಗಿದೆ," ಎಂದರು.

ಭಾವ ತಂತಿಯನ್ನು ಬೆರಳಿಂದ ಮುಟ್ಟಿ ನೋಡಿದ. "ಹಾಗಾದ್ರೆ ನಂದೇ, ಮೇಡಂ. ಎಲ್ಲೋ ಗಂಟು ಹಾಕೋದು ಮರ್ತಿದೀನಿ," ಎನ್ನುತ್ತ ಖಾಕಿ ಅಂಗಿಯ ಗುಂಡಿ ಬಿಚ್ಚತೊಡಗಿದ.

ನಾನು ಮರ ನೋಡಿದೆ. ಕವಲೊಡೆದ ಬುಡ, ಪಕ್ಕದಲ್ಲಿ ಚಪ್ಪಟೆ ಬಂಡೆ. ಒಂಬತ್ತು ವರ್ಷದ ಹಿಂದೆ ಭಾವ ಜ್ವರ ಬಂದು ಮಲಗಿದ್ದಾಗ, ಐದು ಉರುಳು ಒಡ್ಡಿ ಬಾ ಎಂದು ನನ್ನನ್ನು ಕಳಿಸಿದ್ದ. ನಾನು ಆರು ಒಡ್ಡಿದ್ದೆ. ಆರನೆಯದರಲ್ಲಿ ಬಿದ್ದದ್ದು ನನಗೊಬ್ಬನಿಗೇ ಇರಲಿ ಎಂಬ ಆಸೆ. ಏನೂ ಬೀಳಲಿಲ್ಲ, ನಾನೂ ಮರೆತೆ. ಊರಿಗೆ ಬಂದವರನ್ನೆಲ್ಲ ಅನುಮಾನಿಸುತ್ತಿದ್ದವನಿಗೆ ಇದು ನೆನಪಾಗಲೇ ಇಲ್ಲ.

ಭಾವನ ಕೈ ಹಿಡಿದು ನಿಲ್ಲಿಸಿದೆ.

"ಗುಂಡಿ ಹಾಕ್ಕೋ ಭಾವ. ಅದು ನಂದು," ಎಂದೆ. ನಡೆದದ್ದನ್ನೆಲ್ಲ ಹೇಳಿದೆ.

ಡಾಕ್ಟರಮ್ಮ, "ಬೇರೆ ಎಲ್ಲಾದ್ರೂ ಒಡ್ಡಿದೀರಾ?" ಎಂದರು. ಇಲ್ಲ ಎಂದೆ. ನಂಬಿದರೋ ಇಲ್ಲವೋ ಗೊತ್ತಿಲ್ಲ. ಭಾವನ ಕೆಲಸ ಉಳಿಯಿತು. ನಾಯಿಯೂ ಬದುಕಿ, ಕುಂಟುತ್ತ ಮರಿಗಳ ಹತ್ತಿರ ಹೋಯಿತು.

ಮನೆಗೆ ಬಂದವನೇ ಭಾವ ಗೋಡೆಯ ಬೋಳು ದಾರವನ್ನು ಇಳಿಸಿ, ಒಂದು ಗಂಟು ಬಿಗಿದು ನನ್ನ ಕೈಗಿಟ್ಟ.

"ನೀನೇ ಬಿಚ್ಚು."

ಅಕ್ಕ ನೋಡುತ್ತ ನಿಂತಿದ್ದಳು. ಗಂಟು ಬಲು ಬಿಗಿಯಾಗಿತ್ತು. ಬಿಚ್ಚಲು ತುಂಬಾ ಹೊತ್ತು ಹಿಡಿಯಿತು.