ಹೂಣರ ಸೀಮೆಯಿಂದ ಬಂದ ಗಂಡ

ಡಾನ್ಯೂಬ್ ದಂಡೆಯ ರೋಮನ್ ಕೋಟೆಯೂರಿನಲ್ಲಿ ಉಪ್ಪುಮೀನು ಮಾರುತ್ತಿದ್ದ ಜಿನಾಮಳ ಗಂಡ ತಾರ್ಸನನ್ನು ಹೂಣರು ಹಿಡಿದೊಯ್ದು ಆರು ವರ್ಷವಾಗಿತ್ತು. ಬಡಗಿ ತಾರ್ಸ ಸತ್ತನೆಂದೇ ತಿಳಿದು ಅವಳು ಅತ್ತು ಮುಗಿಸಿದ್ದಳು. ಒಂದು ಬೆಳಿಗ್ಗೆ ಅವನು ಚರ್ಮದ ಚಲ್ಲಣ ತೊಟ್ಟು ಬಾಗಿಲಲ್ಲಿ ನಿಂತಿದ್ದ.

“ಹೆಂಗ್ ಬಿಟ್ರು ನಿನ್ನ?”

“ಬಿಡ್ಲಿಲ್ಲ. ಓಡ್ಬಂದೆ ಕಣೇ.”

ಓಡಿಬಂದವನು ಮೈಕೈ ತುಂಬಿಕೊಂಡಿದ್ದ. ಮಲಗುವಾಗಲೂ ಬೂಟು ಕಳಚಲಿಲ್ಲ. ಜಿನಾಮ ಅವನಿಗೆ ರೊಟ್ಟಿ ಕೊಟ್ಟಳು. ಮೀನು ಕೊಯ್ಯುವ ಚೂರಿಯನ್ನು ಮಾತ್ರ ತನ್ನ ಸೊಂಟಕ್ಕೇ ಸಿಕ್ಕಿಸಿಕೊಂಡಳು.

ಪಕ್ಕದ ಮನೆಯ ಬೆಂದಿನಾ ಕೆಣಕಿದಳು: “ಏನವ್ವಾ, ಬಂದಿರೋನು ಗಂಡನೋ, ಗೂಢಚಾರನೋ? ಹೂಣರು ಕುಡಿಯೋ ಕುದುರೆಹಾಲಿನ ವಾಸ್ನೆ ನಮ್ಮನೇಗಂಟ ಹೊಡೀತೈತೆ!”

ಆ ಮಾತು ಮನಸ್ಸಿನೊಳಗೇ ಕೊರೆಯತೊಡಗಿತು. ಮೂರು ದಿನ ಜಿನಾಮ ಅವನ ಬೆನ್ನು ಬಿಡಲಿಲ್ಲ. ಅವನು ಪೂರ್ವದ ಕೋಟೆಗೋಡೆಯ ಕಲ್ಲುಗಳನ್ನು ಅಂಗೈಯಿಂದ ಒತ್ತಿ ನೋಡುತ್ತಿದ್ದ, ಹೆಜ್ಜೆ ಹಾಕಿ ಅಳೆಯುತ್ತಿದ್ದ. ನಾಲ್ಕನೆಯ ದಿನ ಅವಳು ದಳಪತಿಗೆ ದೂರು ಕೊಟ್ಟಳು. ಸೈನಿಕರು ಎಳೆದೊಯ್ಯುವಾಗ ತಾರ್ಸ ಅವಳನ್ನು ನೋಡಿದ. ಅವಳ ಸೊಂಟದ ಚೂರಿಯನ್ನೂ ನೋಡಿದ.

ಹದಿನೈದು ದಿನಕ್ಕೆ ಹೂಣರು ಹೊಳೆ ದಾಟಿದರು. ಅವರ ಕಬ್ಬಿಣದ ಮೂತಿಯ ದಿಮ್ಮಿ ಬಂದು ಗುದ್ದಿದ್ದು ಪೂರ್ವದ ಗೋಡೆಗೇ, ಅವನು ಒತ್ತಿ ನೋಡಿದ್ದ ಜಾಗಕ್ಕೇ. ಜಿನಾಮ ತಾರ್ಸನನ್ನು ಕೂಡಿಹಾಕಿದ್ದ ಸೆರೆಮನೆಗೆ ಓಡಿದಳು. ಕಾವಲುಗಾರರು ಆಗಲೇ ಪರಾರಿಯಾಗಿದ್ದರು.

“ನೀನೇ ತೋರ್ಸ್ಕೊಟ್ಟೆ ಅಲ್ವೇನೋ, ಪಾಪಿ!”

“ಹೌದು, ನಾನೇ.” ಅವನು ಬೂಟು ಕಿತ್ತೆಸೆದ. ಅಂಗಾಲ ತುಂಬ ಸುಟ್ಟ ಕಲೆಗಳು. “ಇಲ್ಲಿಗೆ ಕಾದ ಕಬ್ಬಿಣ ಇಟ್ಟಾಗ ಬಾಯ್ಬಿಟ್ಟೆ, ಆ ಗೋಡೆಯೊಳ್ಗೆ ಬರೀ ಮಣ್ಣು ಅಂತ. ಕಲ್ಲು ತುಂಬ್ಸೋಕೇಂತಲೇ ಓಡ್ಬಂದೆ. ಹಿಡ್ಕೊಂಡ್ಬಂದಾಗ ದಳಪತಿಗೆ ಇದ್ನೇ ಹೇಳ್ದೆ, ನಕ್ಬಿಟ್ಟ.”

“ನಂಗ್ಯಾಕೆ ಹೇಳ್ಲಿಲ್ಲ?”

“ಸೊಂಟದಾಗೆ ಚೂರಿ ಇಟ್ಕಂಡು ರೊಟ್ಟಿ ಕೊಡೋಳ್ಗೆ ಏನಂತ ಹೇಳ್ಲಿ?”

ಗೋಡೆ ಕುಸಿದ ಸದ್ದು ಕೇಳಿಸಿತು. ನಿಜವೋ ಸುಳ್ಳೋ ತೂಗಿ ನೋಡಲು ಸಮಯವಿರಲಿಲ್ಲ. ಅವಳು ಅಗುಳಿ ತೆಗೆದಳು. ಇಬ್ಬರೂ ಚರಂಡಿಯಲ್ಲಿ ತೆವಳಿ ಹೊರಬಿದ್ದರು.

ದಕ್ಷಿಣದ ಗುಡ್ಡದೂರಿನಲ್ಲಿ ಅವರು ಹದಿನೆಂಟು ವರ್ಷ ಬಾಳಿದರು. ಅವನು ನೇಗಿಲು ಕೆತ್ತುತ್ತಿದ್ದ. ಒಬ್ಬ ಮಗಳು ಹುಟ್ಟಿದಳು. ಗಂಡ ಎಲ್ಲಿಯವನೆಂದು ಯಾರಾದರೂ ಕೇಳಿದರೆ ಜಿನಾಮಳೇ ಮುಂದಾಗಿ ಏನಾದರೊಂದು ಸುಳ್ಳು ಹೇಳಿ ಸಾಗಹಾಕುತ್ತಿದ್ದಳು. ಆದರೆ ಹಾದಿಯಲ್ಲಿ ಅಪರಿಚಿತ ಸವಾರರು ಕಂಡ ದಿನ ಅವಳು ಅವರನ್ನು ನೋಡುತ್ತಿರಲಿಲ್ಲ, ಗಂಡನ ಮುಖವನ್ನೇ ನೋಡುತ್ತಿದ್ದಳು. ಅದು ಅವನಿಗೂ ಗೊತ್ತಿತ್ತು. ಅಂಥ ದಿನ ಅವನು ಉಳಿ ಕೆಳಗಿಟ್ಟು, ಸವಾರರು ಹೋಗುವತನಕ ಅವಳ ಕಣ್ಣೆದುರಿಗೇ ಬಂದು ಕೂರುತ್ತಿದ್ದ.